ಲೂರ್ ಹೊಡೆದ ಕೊಳಜಿ ಕೈಗೆ ಬಾರದಿದ್ದರೆ: ಗಾಳ ಹಾಕುವವರ ಪ್ರಶ್ನೆ, ಉತ್ತರ

ಈ ಸಲದ ಪತ್ರಗಳಲ್ಲಿ ಹೆಚ್ಚಿನವು ಮಂಜೇಶ್ವರದಿಂದ ಚಂದ್ರಗಿರಿಯವರೆಗಿನ ಹೊಳೆಬದಿಯವು. ಮಲಯಾಳದವರು ಕಾಳಾಂಜಿ, ನರಿಮೀನು ಎಂದೂ ಕೊಂಕಣಿಯವರು ಚೊಣಕ್ ಎಂದೂ ಕರೆಯುವ ಮೀನನ್ನೇ ಇಲ್ಲಿ ಕೊಳಜಿ ಎಂದು ಬರೆದಿದ್ದೇವೆ. ಲೂರ್ ಎಂದರೆ ಬೇಟೆಯಂತೆ ಕಾಣುವ, ಕೊಕ್ಕೆ ಇರುವ ಕೃತಕ ಆಮಿಷ.

ಪ್ರಶ್ನೆ: ಬಾಸ್ ಮೀನಿಗೆಂದೇ ಮಾಡಿದ ಲೂರ್‌ಗಳ ಒಂದು ಪೆಟ್ಟಿಗೆ ತರಿಸಿದ್ದೇನೆ. ವಿಡಿಯೋಗಳಲ್ಲಿ ಕಾಣುವ ಆ ಬಾಸ್ ನಮ್ಮ ಹೊಳೆಗಳಲ್ಲಿ ಉಂಟೇ? ಇಲ್ಲದಿದ್ದರೆ ಈ ಲೂರ್‌ಗಳು ದಂಡವೇ?
– ಓದುಗರು, ಉಪ್ಪಳ

ಇಲ್ಲ. ನೀವು ನೋಡಿದ್ದು ಲಾರ್ಜ್‌ಮೌತ್ ಬಾಸ್. ಉತ್ತರ ಅಮೆರಿಕದ ಸಿಹಿನೀರಿನ ಮೀನು ಅದು. 1932ರಲ್ಲಿ ಜಾರ್ಜಿಯಾದಲ್ಲಿ ಸಿಕ್ಕ 22 ಪೌಂಡ್ 4 ಔನ್ಸಿನ, ಅಂದರೆ ಸುಮಾರು 10 ಕಿಲೋದ ಬಾಸ್ ಇಂದಿಗೂ ದಾಖಲೆ. 2009ರಲ್ಲಿ ಜಪಾನಿನ ಬಿವಾ ಸರೋವರದಲ್ಲಿ ಅದಕ್ಕೆ ಸರಿಸಮನಾದದ್ದು ಸಿಕ್ಕಿತು. ಜಪಾನಿಗೆ ಆ ಮೀನನ್ನು ತಂದದ್ದು 1925ರಲ್ಲಿ. ಸ್ಥಳೀಯ ಮೀನುಗಳನ್ನು ಅದು ತಿಂದು ಮುಗಿಸುತ್ತದೆಂದು 2005ರಿಂದ ಅಲ್ಲಿ ಅದನ್ನು ಸಾಕುವುದಕ್ಕೂ ಬೇರೆ ನೀರಿಗೆ ಬಿಡುವುದಕ್ಕೂ ಕಾನೂನಿನ ತಡೆ ಇದೆ. ಆದ್ದರಿಂದ ಯಾರಾದರೂ ಹೊರಗಿನ ಮರಿ ತಂದು ನಮ್ಮ ಕೆರೆಗೆ ಬಿಡೋಣ ಎಂದರೆ ದಯವಿಟ್ಟು ಒಪ್ಪಬೇಡಿ.

ಲೂರ್‌ಗಳು ದಂಡವಲ್ಲ. ಬಾಸ್ ಹೇಗೆ ಮುಳುಗಿದ ಮರದ ನೆರಳಲ್ಲಿ ಹೊಂಚು ಹಾಕಿ, ದೊಡ್ಡ ಬಾಯಿ ತೆರೆದು ನೀರಿನ ಸಮೇತ ಬೇಟೆಯನ್ನು ಒಳಗೆಳೆದುಕೊಳ್ಳುತ್ತದೋ ಕೊಳಜಿಯೂ ಹಾಗೆಯೇ. ಪೆಟ್ಟಿಗೆಯಿಂದ ಮೂರು ಬಗೆಯವನ್ನು ತೆಗೆದಿಡಿ: 9ರಿಂದ 12 ಸೆಂ.ಮೀ. ಉದ್ದದ, ಸಪುರ ಮೀನಿನ ಆಕಾರದ ಗಟ್ಟಿ ಲೂರ್ ಆದ ಮಿನ್ನೋ, ಬಾಲದ ತುದಿ ಹುಟ್ಟಿನಂತೆ ಅಗಲವಾಗಿರುವ 4 ಇಂಚಿನ ರಬ್ಬರ್ ಮೀನು ಶ್ಯಾಡ್, ಟೊಳ್ಳು ಹೊಟ್ಟೆಯ ರಬ್ಬರ್ ಕಪ್ಪೆ ಫ್ರಾಗ್. ಮೊದಲಿನ ಎರಡು ಅಳಿವೆಗೆ, ಫ್ರಾಗ್ ಕೆರೆಗೆ. ಉದ್ದ ಎರೆಹುಳದಂಥ ರಬ್ಬರ್‌ಗಳ ಮಾತು ಕೆಳಗೆ ಬದಿಯಡ್ಕದವರ ಉತ್ತರದಲ್ಲಿದೆ. ಇವುಗಳ ಕೊಕ್ಕೆ ಮತ್ತು ರಿಂಗ್‌ಗಳನ್ನು ಮಾತ್ರ ಹಾಗೆಯೇ ನಂಬಬೇಡಿ. ಅವು ಸಿಹಿನೀರಿಗೆ, ಒಂದೆರಡು ಕಿಲೋದ ಮೀನಿಗೆ ಮಾಡಿದವು. ಉಪ್ಪುನೀರಿಗೆ ಬೇಗ ತುಕ್ಕು ಹಿಡಿಯುತ್ತವೆ.

ಪ್ರಶ್ನೆ: ಒಂದೇ ತಿಂಗಳಲ್ಲಿ ಮೂರು ಒಳ್ಳೆಯ ಕೊಳಜಿ ತಪ್ಪಿದವು. ಮೊದಲನೆಯದು ಲೂರ್‌ನ ಮೂರು ಮುಳ್ಳಿನ ಕೊಕ್ಕೆಯನ್ನೇ ನೇರ ಮಾಡಿ ಹೋಯಿತು. ಎರಡನೆಯದು ನೂಲು ತುಂಡು ಮಾಡಿತು. ಮೂರನೆಯದು ಹಾರಿ ತಲೆ ಕೊಡವಿ ಲೂರ್ ಬಿಸಾಡಿತು. ನನ್ನಲ್ಲಿರುವುದು 9 ಅಡಿಯ ಗಡುಸು ರಾಡ್, 4000 ಅಳತೆಯ ರೀಲ್, 30 ಪೌಂಡ್ ತಡೆಯುವ ಬ್ರೇಡ್ (ಹೆಣೆದ ನೂಲು), ಅದರ ತುದಿಗೆ ಲೂರ್ ಕಟ್ಟಲು ಒಂದು ಗೇಣು ಲೀಡರ್ (ದಪ್ಪ ಒಂಟಿ ಎಳೆ). ಏನು ಬದಲಿಸಬೇಕು?
– ಓದುಗರು, ಮೊಗ್ರಾಲ್

ಮೂರಕ್ಕೂ ಕಾರಣ ಬೇರೆ ಬೇರೆ. ಹೊಸ ರಾಡ್ ಕೊಳ್ಳಲು ಹೊರಡುವ ಮೊದಲು ಒಂದೊಂದನ್ನೂ ನೋಡಿ.

ಕೊಕ್ಕೆ ನೇರವಾದದ್ದು ತೆಳು ತಂತಿಯ ದೋಷ. ಅದೇ ಅಳತೆಯ, 3ಎಕ್ಸ್ ಅಥವಾ 4ಎಕ್ಸ್ ಎಂದು ಗುರುತಿರುವ ದಪ್ಪ ಕೊಕ್ಕೆ ಹಾಕಿ. ಕೊಕ್ಕೆಯನ್ನು ಲೂರ್‌ಗೆ ಜೋಡಿಸುವ ಸ್ಪ್ಲಿಟ್ ರಿಂಗನ್ನೂ ಬದಲಿಸಿ. ಕೊಕ್ಕೆ ಗಟ್ಟಿಯಾಗಿ ರಿಂಗ್ ತೆಳುವಾದರೆ ಮುಂದಿನ ಮೀನು ರಿಂಗನ್ನು ಬಿಚ್ಚುತ್ತದೆ. ಇಲ್ಲಿ ಹಲವರು ಎಡವುವುದು ತೂಕದಲ್ಲಿ. ದಪ್ಪ ಕೊಕ್ಕೆಯಿಂದ ಲೂರ್ ಭಾರವಾಗುತ್ತದೆ. ನಿಲ್ಲಿಸಿದಾಗ ನೀರಿನ ನಡುವೆ ಹಾಗೆಯೇ ತೇಲಿ ನಿಲ್ಲಬೇಕಾದ ಮಿನ್ನೋ ಮುಳುಗತೊಡಗುತ್ತದೆ, ಹೊಯ್ದಾಟವೂ ಮಂಕಾಗುತ್ತದೆ. ಹಳೆಯ ಕೊಕ್ಕೆ, ಹೊಸ ಕೊಕ್ಕೆ ಎರಡನ್ನೂ ತೂಗಿ ನೋಡಿ. 15 ಗ್ರಾಂ ಲೂರ್‌ಗೆ ಒಟ್ಟು 1 ಗ್ರಾಂಗಿಂತ ಹೆಚ್ಚು ಸೇರಿದರೆ ಮೂರು ಮುಳ್ಳಿನದನ್ನು ಬಿಟ್ಟು, ಕಣ್ಣು ಅಡ್ಡಕ್ಕಿರುವ ಒಂಟಿ ಕೊಕ್ಕೆ ಹಾಕಿ: ಹೊಟ್ಟೆಯದರ ಮೊನೆ ಮುಂದಕ್ಕೆ, ಬಾಲದ್ದರ ಮೊನೆ ಮೇಲಕ್ಕೆ.

ಆಮೇಲೆ ಹೊಳೆಯ ನೀರನ್ನೇ ಬಕೆಟ್‌ನಲ್ಲಿ ತುಂಬಿ ಲೂರ್ ಬಿಟ್ಟು ನೋಡಿ. ಬಾವಿಯ ನೀರಿನಲ್ಲಿ ನೋಡಿದರೆ ಲೆಕ್ಕ ತಪ್ಪುತ್ತದೆ. ಕಡಲ ನೀರು ಸಿಹಿನೀರಿಗಿಂತ ನೂರಕ್ಕೆ ಎರಡೂವರೆಯಷ್ಟು ಭಾರ; 15 ಗ್ರಾಂ ಲೂರ್‌ಗೆ ಅದು ಸುಮಾರು 0.4 ಗ್ರಾಂನಷ್ಟು ಹೆಚ್ಚು ಎತ್ತು ಕೊಡುತ್ತದೆ. ಮಾರ್ಚಿನಲ್ಲಿ ಅಳಿವೆಯಲ್ಲಿ ಮೆಲ್ಲನೆ ಮೇಲೇಳುತ್ತಿದ್ದ ಮಿನ್ನೋ ಮಳೆ ನಿಂತ ಹೊಸದರಲ್ಲಿ, ಹೊಳೆ ಇನ್ನೂ ಸಿಹಿಯಾಗಿರುವಾಗ ಮುಳುಗುವುದು ಇದೇ ಕಾರಣಕ್ಕೆ. ಲೂರ್ ಕೆಟ್ಟಿತೆಂದು ಎಸೆಯಬೇಡಿ.

ನೂಲು ಹೋದದ್ದು ಹೇಗೆ ಎಂಬುದಕ್ಕೆ ಉಳಿದ ತುದಿಯೇ ಸಾಕ್ಷಿ. ತುದಿ ಹಂದಿಬಾಲದಂತೆ ಸುರುಳಿಯಾಗಿದ್ದರೆ ಗಂಟು ಜಾರಿದೆ. ಒರಟಾಗಿ ಎಳೆ ಎದ್ದಿದ್ದರೆ ಕಲ್ಲಿಗೋ, ಸೇತುವೆ ಕಂಬಕ್ಕೆ ಅಂಟಿದ ಮುರು ಚಿಪ್ಪಿಗೋ ಉಜ್ಜಿದೆ. ಕತ್ತರಿ ಹಾಕಿದಂತೆ ನುಣುಪಾಗಿದ್ದರೆ ಕಿವಿರಿನ ಮುಚ್ಚಳದ ಕೆಲಸ. ಕೊಳಜಿಯ ಬಾಯಲ್ಲಿ ಕಡಿಯುವ ಹಲ್ಲಿಲ್ಲ, ಮರಳುಕಾಗದದಂಥ ತರಿ ಮಾತ್ರ. ಆದರೆ ಕಿವಿರು ಮುಚ್ಚಳದ ಅಂಚು ಬ್ಲೇಡು. ಬಿಗಿಯಾದ ಬ್ರೇಡ್ ಅದಕ್ಕೆ ತಾಗಿದ ಕ್ಷಣ ಹೋಯಿತು. ಒಂದು ಗೇಣು ಲೀಡರ್ ಸಾಲದು. 40ರಿಂದ 50 ಪೌಂಡಿನ ಫ್ಲೋರೋಕಾರ್ಬನ್, ಅದಿಲ್ಲದಿದ್ದರೆ ಒಳ್ಳೆಯ ಒಂಟಿ ಎಳೆಯ ನೈಲಾನ್ ತಂಗೂಸಿ, 80 ಸೆಂ.ಮೀ.ಯಿಂದ 1 ಮೀಟರ್ ಇರಲಿ. ಪ್ರತಿ ಮೀನಿನ ನಂತರ ಲೂರ್‌ನಿಂದ ಒಂದು ಗೇಣಿನವರೆಗೆ ಉಗುರಿನಲ್ಲಿ ಎಳೆದು ನೋಡಿ. ತರಿ ಸಿಕ್ಕಿದರೆ ಅಷ್ಟನ್ನು ಕತ್ತರಿಸಿ ಮತ್ತೆ ಕಟ್ಟಿ. ಈ ಒಂದು ನಿಮಿಷಕ್ಕೆ ಸೋಮಾರಿತನ ಮಾಡಿದವರೇ ದೊಡ್ಡ ಮೀನು ಕಳೆದುಕೊಳ್ಳುವುದು.

ಬ್ರೇಡ್ ಮತ್ತು ಲೀಡರ್ ಕೂಡಿಸಲು ಎಫ್‌ಜಿ ಗಂಟು ಎಲ್ಲಕ್ಕಿಂತ ಸಪುರ, ರಾಡಿನ ಬಳೆಗಳಲ್ಲಿ ಸಲೀಸಾಗಿ ಹೋಗುತ್ತದೆ. ಆದರೆ ದೋಣಿಯಲ್ಲಿ, ಕತ್ತಲಲ್ಲಿ ಅದನ್ನು ಸರಿಯಾಗಿ ಕಟ್ಟುವುದು ಕಷ್ಟ. ಅಭ್ಯಾಸವಿಲ್ಲದವರಿಗೆ ಡಬಲ್ ಯುನಿ ಸಾಕು: ಬ್ರೇಡ್ ಕಡೆ 8 ಸುತ್ತು, ಲೀಡರ್ ಕಡೆ 4. ಬ್ರೇಡ್ ಜಾರುವ ನೂಲು. ಎರಡೂ ಕಡೆ ನಾಲ್ಕೇ ಸುತ್ತು ಹಾಕುವುದರಿಂದಲೇ ಹೆಚ್ಚಿನ ಗಂಟುಗಳು ಕಳಚುತ್ತವೆ. ಬಿಗಿಯುವ ಮೊದಲು ಉಗುಳಿನಲ್ಲಿ ಒದ್ದೆ ಮಾಡಿ. ಒಣಗಂಟು ಬಿಗಿದರೆ ಉಜ್ಜಿದ ಬಿಸಿಗೆ ಲೀಡರ್ ಅಲ್ಲೇ ಸೋಲುತ್ತದೆ. ಲೂರ್‌ನ ಮೂಗಿಗೆ ಬಿಗಿಗಂಟು ಬೇಡ, ಚಿಕ್ಕ ಕುಣಿಕೆ ಬಿಡುವ ಗಂಟು ಹಾಕಿ. ದಪ್ಪ ಲೀಡರ್ ಬಿಗಿಯಾಗಿ ಹಿಡಿದರೆ ಲೂರ್ ಅಲುಗಾಡುವುದಿಲ್ಲ.

ಹಾರಿ ಬಿಸಾಡಿದ್ದಕ್ಕೆ ಎರಡು ಕಾರಣ ಇರಬಹುದು. ಮೊದಲನೆಯದು ಮೊಂಡು ಮೊನೆ. ಹೆಬ್ಬೆರಳಿನ ಉಗುರಿನ ಮೇಲೆ ಕೊಕ್ಕೆಯ ಮೊನೆ ಇಟ್ಟು ಮೆಲ್ಲನೆ ಎಳೆಯಿರಿ. ಕಚ್ಚಿ ನಿಂತರೆ ಚೂಪು, ಜಾರಿದರೆ ಮೊಂಡು. ಕೊಳಜಿಯ ಬಾಯಿಯ ಒಳಗೆ ಬಹುಪಾಲು ಗಟ್ಟಿ ಮೂಳೆ, ಮೊಂಡು ಕೊಕ್ಕೆ ಅಲ್ಲಿ ಇಳಿಯುವುದಿಲ್ಲ. ಎರಡನೆಯದು ಡ್ರ್ಯಾಗ್, ಅಂದರೆ ಮೀನು ಜೋರಾಗಿ ಎಳೆದಾಗ ನೂಲು ಬಿಡಲು ರೀಲ್‌ನಲ್ಲಿ ಹೊಂದಿಸುವ ಬಿಗಿ. ತಪ್ಪಿಹೋಗುವ ಹೆದರಿಕೆಯಿಂದ ಅದನ್ನು ಪೂರ್ತಿ ಬಿಗಿದಿಡುತ್ತಾರೆ. ಆಗ ಕೊಕ್ಕೆ ಹಿಡಿದ ತೂತು ದೊಡ್ಡದಾಗುತ್ತದೆ, ಮೀನು ತಲೆ ಕೊಡವಿದಾಗ ಕಳಚುತ್ತದೆ. 30 ಪೌಂಡ್ ಎಂದರೆ ಸುಮಾರು 13.5 ಕಿಲೋ, ಡ್ರ್ಯಾಗ್ ಅದರ ಕಾಲು ಭಾಗ, 3ರಿಂದ 3.5 ಕಿಲೋ ಇರಲಿ. ಕೈಯಂದಾಜು ಬೇಡ. ನೂಲಿನ ತುದಿಯನ್ನು ಸ್ಪ್ರಿಂಗ್ ತಕ್ಕಡಿಗೆ ಕಟ್ಟಿ, ರಾಡನ್ನು ಓರೆಯಾಗಿ ಬಾಗಿಸಿ ಎಳೆದು, ರೀಲ್ ನೂಲು ಬಿಡತೊಡಗುವಾಗ ಮುಳ್ಳು ಎಲ್ಲಿದೆ ನೋಡಿ. ಮೀನು ಮೇಲಕ್ಕೆ ಏಳುವ ಸೂಚನೆ ಸಿಕ್ಕಿದ ಕೂಡಲೇ ರಾಡಿನ ತುದಿಯನ್ನು ನೀರಿನ ಮಟ್ಟಕ್ಕೆ ತಗ್ಗಿಸಿ ಪಕ್ಕಕ್ಕೆ ಎಳೆಯಿರಿ, ನೂಲು ಸಡಿಲವಾಗಲು ಬಿಡಬೇಡಿ.

ರಾಡ್ ಕೊನೆಯ ಮಾತು. ನಿಮ್ಮ 9 ಅಡಿಯದು ಕಡಲಬದಿಗೆ ಸರಿ. ಕಾಂಡ್ಲ ಗಿಡಗಳ ನಡುವೆ ನಿಂತು ಬೀಸಲು 7 ಅಡಿಯ, 10ರಿಂದ 35 ಗ್ರಾಂ ಲೂರ್ ತಡೆಯುವ, ಮೀಡಿಯಂ ಹೆವಿ ಎಂದು ಬರೆದಿರುವ ರಾಡ್ ಕೈಗೆ ಹಗುರ. ರೀಲ್ ಅದೇ ಇರಲಿ.

ಪ್ರಶ್ನೆ: ಶಿರಿಯ ಅಳಿವೆಯ ಹತ್ತಿರ ಮನೆ. ಬೆಳಿಗ್ಗೆ ಆರರಿಂದ ಒಂಬತ್ತರವರೆಗೆ ದಿನಾ ಬೀಸಿದರೂ ವಾರಕ್ಕೊಂದು ಹೊಡೆತ ಸಿಕ್ಕಿದರೆ ಹೆಚ್ಚು. ಲೂರ್ ಬಣ್ಣ ಬದಲಿಸಿ ಬದಲಿಸಿ ಸಾಕಾಯಿತು.
– ಓದುಗರು, ಕುಂಬಳೆ

ಬಣ್ಣ ಬಿಡಿ, ಗಡಿಯಾರ ಬಿಡಿ. ಕೊಳಜಿ ತಿನ್ನುವುದು ನೀರು ಹರಿಯುವಾಗ. ಉಬ್ಬರ ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಸರಿಯುತ್ತದೆ. ನೀವು ಒಂದೇ ಹೊತ್ತಿಗೆ ಹೋದರೆ ಹಲವು ದಿನ ನಿಂತ ನೀರಿಗೇ ಬೀಸುತ್ತಿರುತ್ತೀರಿ.

ನಮ್ಮ ಅಳಿವೆಗಳಲ್ಲಿ ಮೊದಲು ನಂಬಬೇಕಾದದ್ದು ಇಳಿತದ ಕೊನೆಯ ಎರಡು ಗಂಟೆ. ಉಬ್ಬರದಲ್ಲಿ ಸಿಗಡಿ, ಮಾಲ ಮೀನಿನ ಮರಿ ಎಲ್ಲ ಕಾಂಡ್ಲದ ಬೇರುಗಳ ಒಳಕ್ಕೆ, ಗದ್ದೆಯ ತೋಡುಗಳ ಒಳಕ್ಕೆ ಹೋಗಿರುತ್ತವೆ. ನೀರು ಇಳಿಯುವಾಗ ಅವು ಬೇರೆ ದಾರಿಯಿಲ್ಲದೆ ತೋಡಿನ ಬಾಯಿಯಿಂದಲೇ ಹೊರಬೀಳಬೇಕು. ಕೊಳಜಿ ಅಲ್ಲೇ ಕಾಯುತ್ತದೆ. ಅದು ನಿಲ್ಲುವುದು ಸೆಳೆತದ ನಡುವೆ ಅಲ್ಲ, ಸೆಳೆತದ ಅಂಚಿನಲ್ಲಿ: ತೋಡಿನ ಬಾಯಿಯ ಮೂಲೆ, ಮುರಿದುಬಿದ್ದ ಮರದ ಹಿಂಬದಿ, ಕಂಬದ ಹಿಂದೆ ನೀರು ಸುಳಿಯುವ ಜಾಗ. ಲೂರನ್ನು ನೇರ ಅದರ ತಲೆಯ ಮೇಲೆ ಬೀಳಿಸಬೇಡಿ. ಎರಡು ಮೂರು ಮೀಟರ್ ಮೇಲ್ಗಡೆ ಬೀಸಿ, ಸೆಳೆತವೇ ಅದನ್ನು ಮೂಲೆಗೆ ತಂದೊಪ್ಪಿಸಲಿ. ನೀವು ಏಳೆಂಟು ಮೀಟರ್ ದೂರ ನಿಲ್ಲಿ, ಟಾರ್ಚನ್ನು ನೀರಿಗೆ ಹಾಯಿಸಬೇಡಿ. ಮೊದಲ ಎರಡು ಬೀಸಿಗೆ ಸಿಗುವಷ್ಟು ಅವಕಾಶ ಆಮೇಲಿನ ಇಪ್ಪತ್ತಕ್ಕೆ ಸಿಗುವುದಿಲ್ಲ.

ಬಂದರಿನ ಉಬ್ಬರ ಪಟ್ಟಿಯ ಹೊತ್ತು ಅಳಿವೆಯ ಬಾಯಿಗೆ ಸರಿಯಾಗುತ್ತದೆ, ಒಳಗೆ ಹೋದಷ್ಟೂ ತಡ. ಎಷ್ಟು ತಡ ಎಂಬುದನ್ನು ನೀವೇ ಕಂಡುಕೊಳ್ಳಬೇಕು. ನಿಮ್ಮ ಜಾಗದಲ್ಲಿ ಒಂದು ಬಿದಿರುಕೋಲು ನೆಟ್ಟು ಗೇಣಿಗೊಂದು ಗೆರೆ ಹಾಕಿ, ರಜೆಯ ಒಂದು ದಿನ ಅರ್ಧ ಗಂಟೆಗೊಮ್ಮೆ ಬರೆದಿಡಿ. ಪಟ್ಟಿಯ ಹೊತ್ತಿಗೂ ನಿಮ್ಮ ಕೋಲಿನ ಹೊತ್ತಿಗೂ ಇರುವ ಅಂತರ ಹೆಚ್ಚು ಬದಲಾಗುವುದಿಲ್ಲ. ಆದರೆ ಅಳಿವೆಯ ಮರಳುದಿಣ್ಣೆ ಜಾಗ ಬದಲಿಸಿದರೆ, ಅದರಲ್ಲೂ ಮಳೆಗಾಲ ಕಳೆದ ಮೇಲೆ, ಮತ್ತೊಮ್ಮೆ ನೋಡಬೇಕು.

ಹುಣ್ಣಿಮೆ, ಅಮಾವಾಸ್ಯೆಯ ದಿನ ಸೆಳೆತ ಜೋರು, ನೀರು ಕಲಕಿರುತ್ತದೆ, 14 ಗ್ರಾಂ ಜಿಗ್ (ಭಾರದ ತಲೆಯಿರುವ ಕೊಕ್ಕೆ) ತಳ ಮುಟ್ಟುವುದೇ ಇಲ್ಲ. ಅಷ್ಟಮಿ ನವಮಿಗೆ ನೀರು ಮಂದ. ಹುಣ್ಣಿಮೆ ಅಮಾವಾಸ್ಯೆ ಕಳೆದ ಎರಡನೇ ದಿನದಿಂದ ನಾಲ್ಕನೇ ದಿನದವರೆಗಿನ ಇಳಿತ ಮುಸ್ಸಂಜೆಗೋ ನಸುಕಿಗೋ ಬಿದ್ದರೆ ಆ ದಿನ ಬೇರೆ ಕೆಲಸ ಇಟ್ಟುಕೊಳ್ಳಬೇಡಿ.

ಲೂರ್ ಎಳೆಯುವ ರೀತಿಯಲ್ಲೂ ಒಂದು ಮಾತು. ವಿಡಿಯೋ ನೋಡಿದವರು ಎಡೆಬಿಡದೆ ರೀಲ್ ಸುತ್ತುತ್ತಾರೆ. ಮಿನ್ನೋವನ್ನು ರಾಡಿನ ತುದಿಯಿಂದ ಎರಡು ಸಲ ಜಗ್ಗಿ ಮೂರು ಸೆಕೆಂಡ್ ಸುಮ್ಮನೆ ಬಿಡಿ. ಹೊಡೆತ ಬಹುಪಾಲು ಆ ಸುಮ್ಮನಿರುವ ಹೊತ್ತಿನಲ್ಲೇ ಬರುತ್ತದೆ. ಆಗ ನೂಲು ಸಡಿಲ ಬಿಟ್ಟಿರಬಾರದು. ಶ್ಯಾಡ್ ಆದರೆ 4/0 ಅಥವಾ 5/0 ಕೊಕ್ಕೆಯ 10ರಿಂದ 14 ಗ್ರಾಂ ಜಿಗ್‌ಹೆಡ್‌ಗೆ ಹಾಕಿ ತಳಕ್ಕೆ ಇಳಿಸಿ, ಒಂದು ಮೊಳ ಎತ್ತಿ, ನೂಲು ಬಿಗಿಯಾಗಿಟ್ಟುಕೊಂಡೇ ಮತ್ತೆ ಇಳಿಯಲು ಬಿಡಿ. ಇಳಿಯುವಾಗ ಟಕ್ ಎಂದರೆ ಅದೇ ಮೀನು. ಬಾಲ ಮಾತ್ರ ಕತ್ತರಿಸಿದಂತೆ ಕಾಣೆಯಾಗುತ್ತಿದ್ದರೆ ಅದು ಹೊಟ್ಟೆ ಉಬ್ಬಿಸಿಕೊಳ್ಳುವ ಮೀನಿನ ಕೆಲಸ. ಆ ಜಾಗದಲ್ಲಿ ರಬ್ಬರ್ ಬಳಸಬೇಡಿ, ಮಿನ್ನೋ ಹಾಕಿ.

ಬಣ್ಣಕ್ಕೆ ಇಷ್ಟು ಸಾಕು: ಕೆಂಪುನೀರಿಗೂ ರಾತ್ರಿಗೂ ಕಪ್ಪು ಅಥವಾ ಚಿನ್ನದ ಬಣ್ಣ, ತಿಳಿನೀರಿಗೆ ಬೆಳ್ಳಿ ಅಥವಾ ಸಿಗಡಿಯಂಥ ಪಾರದರ್ಶಕ. ಚಂದ್ರಗಿರಿಯಂಥ ದೊಡ್ಡ ಸೇತುವೆಗಳ ದೀಪ ನೀರಿಗೆ ಬಿದ್ದಲ್ಲಿ ಮೀನು ನಿಲ್ಲುವುದು ಬೆಳಕಿನಲ್ಲಿ ಅಲ್ಲ, ನೆರಳಿನ ಗೆರೆಯ ಕತ್ತಲ ಬದಿಯಲ್ಲಿ. ದೋಣಿಯಿಂದ ಅಥವಾ ದಡದಿಂದ ಲೂರ್ ಬೆಳಕಿನಿಂದ ಕತ್ತಲಿಗೆ ದಾಟುವಂತೆ ಎಳೆಯಿರಿ. ರಸ್ತೆ ಸೇತುವೆಯ ಮೇಲೆ ನಿಂತು ಬೀಸಬೇಡಿ, ಹಿಂದಕ್ಕೆ ಬೀಸಿದ ಕೊಕ್ಕೆ ಬೈಕಿನವರ ಮುಖಕ್ಕೆ ಹೋಗುತ್ತದೆ. ರೈಲು ಸೇತುವೆಗೆ ಹತ್ತುವುದು ಕಾನೂನಿನಲ್ಲೂ ಅಪರಾಧ. ಹೊಳೆಯಲ್ಲಿ ಮೀನು ಸಾಕುವ ಪಂಜರಗಳು, ಬೇರೆಯವರು ಕಟ್ಟಿದ ಬಲೆಗಳು ಇದ್ದಲ್ಲಿಂದ ದೂರ ಇರಿ. ಒಂದು ಕೊಕ್ಕೆ ಪಂಜರದ ಬಲೆ ಹರಿದರೆ ಅವರ ಒಂದು ವರ್ಷದ ದುಡಿಮೆ ನೀರಿಗೆ ಹೋಗುತ್ತದೆ.

ಪ್ರಶ್ನೆ: ತೋಟದ ಕೆರೆಯಲ್ಲೂ ಕಟ್ಟದ ನೀರಿನಲ್ಲೂ ಮದೆಂಜಿ (ಮುರಲ್ ಮೀನು) ಉಂಟು. ಫ್ರಾಗ್‌ಗೆ ಹತ್ತು ಸಲ ಹೊಡೆದರೆ ಒಂದು ಸಿಗುತ್ತದೆ. ಬಾಸಿಗೆ ಹಾಕುವ ಟೆಕ್ಸಾಸ್ ರಿಗ್ ಇಲ್ಲಿ ನಡೆಯುತ್ತದೆಯೇ?
– ಓದುಗರು, ಬದಿಯಡ್ಕ

ಹತ್ತಕ್ಕೆ ನಾಲ್ಕೈದು ಸಿಗಬೇಕು. ಮದೆಂಜಿ ಕೆಳಗಿನಿಂದ ನುಗ್ಗುವಾಗ ಎಷ್ಟೋ ಸಲ ಫ್ರಾಗನ್ನು ಮೇಲಕ್ಕೆ ತಳ್ಳುತ್ತದೆಯೇ ಹೊರತು ಬಾಯೊಳಗೆ ತೆಗೆದುಕೊಂಡಿರುವುದಿಲ್ಲ. ನೀರು ಸಿಡಿದ ಸದ್ದಿಗೆ ಬೆದರಿ ಎಳೆದರೆ ಫ್ರಾಗ್ ನಿಮ್ಮ ಮುಖಕ್ಕೆ ಬರುತ್ತದೆ. ಸದ್ದಾದ ಮೇಲೆ ರಾಡ್ ತಗ್ಗಿಸಿ, ಒಂದೆರಡು ಸೆಕೆಂಡ್ ಕಾದು, ನೂಲಿನಲ್ಲಿ ಭಾರ ಗೊತ್ತಾದ ಮೇಲೆ ಜೋರಾಗಿ ಎಳೆಯಿರಿ.

ಫ್ರಾಗ್ ಕಡೆಯಿಂದಲೂ ಸುಧಾರಣೆ ಬೇಕು. 5ರಿಂದ 6 ಸೆಂ.ಮೀ. ಅಳತೆಯದನ್ನು ಆರಿಸಿ. ಬೆರಳಿನಲ್ಲಿ ಒತ್ತಿದಾಗ ಹೊಟ್ಟೆ ಸುಲಭವಾಗಿ ಕುಗ್ಗಿ ಎರಡೂ ಮೊನೆ ಹೊರಗೆ ಕಾಣಬೇಕು. ಗಡುಸಾಗಿದ್ದರೆ ಎರಡು ನಿಮಿಷ ಬಿಸಿನೀರಿನಲ್ಲಿಟ್ಟು ಹಿಸುಕಿ ಮೆತ್ತಗೆ ಮಾಡಿ. ಜೋಡಿ ಕೊಕ್ಕೆಯ ಮೊನೆಗಳನ್ನು ಇಕ್ಕಳದಿಂದ ಕೂದಲೆಳೆಯಷ್ಟು ಹೊರಕ್ಕೂ ಮೇಲಕ್ಕೂ ಬಾಗಿಸಿ. ಹೆಚ್ಚು ಬಾಗಿಸಿದರೆ ಪಾಚಿ, ನೈದಿಲೆ ದಂಟು ಎಲ್ಲ ಸಿಕ್ಕಿಕೊಳ್ಳುತ್ತದೆ. ನಾಲ್ಕೈದು ಬೀಸಿಗೊಮ್ಮೆ ಒಳಗೆ ಹೋದ ನೀರನ್ನು ಹಿಂಡಿ ತೆಗೆಯಿರಿ. ಮದೆಂಜಿಗೆ ಹಲ್ಲುಂಟು, ಹಿಡಿದ ಕೂಡಲೇ ಬೇರಿನೊಳಗೆ ನುಗ್ಗುತ್ತದೆ. 40ರಿಂದ 50 ಪೌಂಡ್ ಬ್ರೇಡ್, ಗಡುಸು ರಾಡ್, ಡ್ರ್ಯಾಗ್ ಬಿಗಿ. ಅಳಿವೆಯ ಲೆಕ್ಕ ಇಲ್ಲಿಗೆ ಬೇಡ.

ಟೆಕ್ಸಾಸ್ ರಿಗ್ ನಡೆಯುತ್ತದೆ, ಆದರೆ ಏಳು ಇಂಚಿನ ಹುಳದ ಬದಲು 3ರಿಂದ 4 ಇಂಚಿನ ಶ್ಯಾಡ್ ಹಾಕಿ. ನೂಲಿಗೆ ಮೊದಲು 5 ಗ್ರಾಂನ, ಬಂದೂಕಿನ ಗುಂಡಿನ ಆಕಾರದ ಸೀಸ, ಚೂಪು ಭಾಗ ಮೇಲಕ್ಕಿರುವಂತೆ. ಅದರ ಕೆಳಗೆ ಕತ್ತು ತಿರುಚಿದ 3/0 ಆಫ್‌ಸೆಟ್ ಕೊಕ್ಕೆ. ಮೊನೆಯನ್ನು ರಬ್ಬರಿನ ಮೂಗಿನಿಂದ 6–7 ಮಿ.ಮೀ. ಒಳಗೆ ತೂರಿಸಿ ಗಂಟಲ ಕಡೆ ಹೊರಗೆಳೆಯಿರಿ, ಕೊಕ್ಕೆಯ ಕಣ್ಣು ಮೂಗಿನಲ್ಲಿ ಕೂರುವವರೆಗೆ ಜಾರಿಸಿ ತಿರುಗಿಸಿ. ಈಗ ಕೊಕ್ಕೆಯನ್ನು ರಬ್ಬರಿನ ಪಕ್ಕಕ್ಕೆ ಇಟ್ಟು, ಬಾಗಿದ ಭಾಗ ಎಲ್ಲಿಗೆ ಬರುತ್ತದೆ ನೋಡಿಕೊಂಡು ಅಲ್ಲೇ ಹೊಟ್ಟೆಯಿಂದ ಬೆನ್ನಿಗೆ ಚುಚ್ಚಿ, ಮೊನೆಯನ್ನು ಬೆನ್ನಿನ ತೊಗಲಿನಲ್ಲಿ ಅಡಗಿಸಿ. ರಬ್ಬರ್ ನೆಟ್ಟಗೆ ಇರಬೇಕು. ಸುಕ್ಕಾಗಿ ಗೂನಾದರೆ ಎಳೆಯುವಾಗ ಬುಗುರಿಯಂತೆ ತಿರುಗಿ ನೂಲೆಲ್ಲ ಮುರುಟುತ್ತದೆ. ಅಡಕೆ ಸೋಗೆ ಬಿದ್ದ ಕೆರೆಗೆ ಇದಕ್ಕಿಂತ ಒಳ್ಳೆಯದಿಲ್ಲ.

ನೀರಿನ ಮೇಲೆ ಕೆಂಪು ಮರಿಗಳ ಹಿಂಡು ಉಸಿರಿಗೆಂದು ಮತ್ತೆ ಮತ್ತೆ ಏಳುವುದು ಕಂಡರೆ ತಾಯಿ ತಂದೆ ಮೀನು ಕೆಳಗೇ ಕಾವಲಿರುತ್ತವೆ. ಆಗ ಫ್ರಾಗ್ ಹಾಕಿದರೆ ಸಿಟ್ಟಿನಿಂದ ಹೊಡೆಯುತ್ತವೆ, ಖಂಡಿತ ಸಿಗುತ್ತವೆ. ಹಾಕಬೇಡಿ. ಕಾವಲು ಹೋದರೆ ಆ ಹಿಂಡನ್ನು ಉಳಿದ ಮೀನುಗಳು ಬೇಗನೆ ತಿಂದು ಮುಗಿಸುತ್ತವೆ. ಮುಂದಿನ ವರ್ಷ ನಿಮ್ಮದೇ ಕೆರೆ ಖಾಲಿ.

ಪ್ರಶ್ನೆ: ಬ್ರೇಡ್ ಬೀಸುವಾಗ ಗೊಂಚಲು ಗೊಂಚಲಾಗಿ ಹೊರಬರುತ್ತದೆ. ನೂಲು ಕೆಟ್ಟದೋ?
– ಓದುಗರು, ಮಂಜೇಶ್ವರ

ನೂಲಲ್ಲ. ಬೀಸಿದ ಮೇಲೆ ರೀಲ್ ಹಿಡಿ ತಿರುಗಿಸಿ ಬೇಲ್ (ನೂಲನ್ನು ತಡೆಯುವ ತಂತಿಯ ಕಮಾನು) ಮುಚ್ಚುವ ಅಭ್ಯಾಸ ಬಿಡಿ. ಕೈಯಲ್ಲೇ ಮುಚ್ಚಿ, ನೂಲನ್ನು ಒಮ್ಮೆ ಬೆರಳಿನಲ್ಲಿ ಎಳೆದು ಬಿಗಿ ಮಾಡಿ, ಆಮೇಲೆ ಸುತ್ತಿ. ಇಲ್ಲದಿದ್ದರೆ ಮೊದಲ ಸುತ್ತು ಸಡಿಲವಾಗಿ ಕೂತು ಮುಂದಿನ ಬೀಸಿಗೆ ಗೊಂಚಲಾಗಿ ಏಳುತ್ತದೆ. ಸ್ಪೂಲ್ ತುಂಬಿ ತುಳುಕಬಾರದು, ಅಂಚಿನಿಂದ 2 ಮಿ.ಮೀ. ಕೆಳಗಿರಲಿ. ಹೊಸ ಬ್ರೇಡ್ ಸುತ್ತುವಾಗ ಅಡಿಯಲ್ಲಿ ಐದಾರು ಮೀಟರ್ ನೈಲಾನ್ ಹಾಕಿ, ಒದ್ದೆ ಬಟ್ಟೆಯಲ್ಲಿ ಬ್ರೇಡ್ ಹಿಡಿದು ಬಿಗಿಯಾಗಿ ಸುತ್ತಿ. ಗೊಂಚಲು ಬಿದ್ದರೆ ಎಳೆಯಬೇಡಿ, ಸೇಫ್ಟಿ ಪಿನ್ನಿನಿಂದ ಹೊರಗಿನ ಕುಣಿಕೆಯಿಂದ ಒಂದೊಂದಾಗಿ ಬಿಡಿಸಿ.

ಪ್ರಶ್ನೆ: ರೀಲ್ ಕರಕರ ಅನ್ನುತ್ತದೆ. ತೆಂಗಿನೆಣ್ಣೆ ಬಿಡಬಹುದೇ?
– ಓದುಗರು, ತಳಂಗರೆ

ಬೇಡ. ತೆಂಗಿನೆಣ್ಣೆ ತಂಪಿಗೆ ಗಟ್ಟಿಯಾಗುತ್ತದೆ, ದಿನ ಕಳೆದಂತೆ ಅಂಟಾಗಿ ಮರಳನ್ನು ಹಿಡಿದಿಟ್ಟುಕೊಳ್ಳುತ್ತದೆ. ನೂಲು ಹಾಯುವ ಪುಟ್ಟ ಗಾಲಿಗೂ ಹಿಡಿಯ ಸಂದಿಗೂ ಹೊಲಿಗೆ ಯಂತ್ರದ ಎಣ್ಣೆ ಒಂದೊಂದು ಹನಿ, ಒಳಗಿನ ಹಲ್ಲುಚಕ್ರಕ್ಕೆ ಗ್ರೀಸ್. ಡ್ರ್ಯಾಗ್ ಪದರಗಳಿಗೆ ಈ ಎಣ್ಣೆ ತಾಗಬಾರದು. ಪ್ರತಿ ಸಲ ಅಳಿವೆಯಿಂದ ಬಂದ ಮೇಲೆ ಡ್ರ್ಯಾಗ್ ಬಿಗಿಮಾಡಿ ಸಿಹಿನೀರನ್ನು ಮೆಲ್ಲಗೆ ಚಿಮುಕಿಸಿ. ಪೈಪಿನಿಂದ ರಭಸವಾಗಿ ಬಿಟ್ಟರೆ ಉಪ್ಪು ಒಳಕ್ಕೇ ಹೋಗುತ್ತದೆ. ಒರೆಸಿ, ಡ್ರ್ಯಾಗ್ ಸಡಿಲಿಸಿ, ನೆರಳಲ್ಲಿ ಒಣಗಿಸಿ. ಈಗಾಗಲೇ ಕರಕರ ಎನ್ನುತ್ತಿದ್ದರೆ ಮರಳು ಒಳಗೆ ಸೇರಿದೆ, ಬಿಚ್ಚಿ ತೊಳೆಯದೆ ಎಣ್ಣೆ ಬಿಡುವುದರಿಂದ ಪ್ರಯೋಜನವಿಲ್ಲ.

ಪ್ರಶ್ನೆ: ದೊಡ್ಡ ಕೊಳಜಿ ಸಿಕ್ಕಿದರೆ ನೀರಿಗೇ ಬಿಡಬೇಕು ಅನ್ನುತ್ತಾರೆ. ಏಕೆ, ಹೇಗೆ? ಕೊಕ್ಕೆ ಕೈಗೆ ಚುಚ್ಚಿದರೆ?
– ಓದುಗರು, ನೀಲೇಶ್ವರ

ಕೊಳಜಿ ಮೊದಲು ಗಂಡಾಗಿ ಬೆಳೆದು, ವರ್ಷಗಳ ಮೇಲೆ ಹೆಣ್ಣಾಗುವ ಮೀನು. ಎರಡು ಮೂರು ಕಿಲೋದವು ಹೆಚ್ಚಾಗಿ ಗಂಡು, ಅದಕ್ಕಿಂತ ತುಂಬ ದೊಡ್ಡವು ಬಹುಪಾಲು ಹೆಣ್ಣು. ದೊಡ್ಡವನ್ನೇ ಹಿಡಿಯುತ್ತ ಹೋದರೆ ಅಳಿವೆಯಲ್ಲಿ ಮೊಟ್ಟೆ ಇಡುವವೇ ಉಳಿಯುವುದಿಲ್ಲ. ಮನೆಗೆ ಒಂದು ಬೇಕಾದರೆ ಎರಡು ಕಿಲೋದ್ದು ಸಾಕು, ರುಚಿಯೂ ಅದೇ.

ಬಿಡುವುದಾದರೆ ನೀರಿನಲ್ಲೇ ಇಟ್ಟು ಕೊಕ್ಕೆ ಬಿಡಿಸಿ. ಮುಳ್ಳಿನ ಮೊನೆಯ ಹಿಂದಿರುವ ಎದುರುಕೊಂಡಿಯನ್ನು ಮೊದಲೇ ಇಕ್ಕಳದಿಂದ ಒತ್ತಿಟ್ಟಿದ್ದರೆ ಕೆಲಸ ಸುಲಭ. ಎತ್ತಲೇಬೇಕಾದರೆ ಒಂದು ಕೈ ತುಟಿ ಹಿಡಿಯುವ ಗ್ರಿಪ್ಪಿನಲ್ಲಿ, ಇನ್ನೊಂದು ಒದ್ದೆ ಮಾಡಿ ಹೊಟ್ಟೆಯಡಿ. ತುಟಿಯಲ್ಲೇ ನೇತಾಡಿಸಿದರೆ ಅದರ ಭಾರಕ್ಕೆ ದವಡೆ ಕಳಚುತ್ತದೆ. ಕಿವಿರಿಗೆ ಬೆರಳು ಹಾಕಬೇಡಿ, ನಿಮ್ಮ ಬೆರಳೇ ಕುಯ್ಯುತ್ತದೆ. ತಲೆ ಸೆಳೆತಕ್ಕೆ ಎದುರಾಗಿರುವಂತೆ ಹಿಡಿದು, ಬಾಲ ಬೀಸಿ ತಾನಾಗಿ ಹೊರಡುವವರೆಗೆ ಕಾಯಿರಿ.

ಕೊಕ್ಕೆ ಕೈಗೆ ಚುಚ್ಚಿದರೆ ಮೊದಲು ಲೂರ್‌ನಿಂದ ಆ ಕೊಕ್ಕೆಯನ್ನು ಬೇರ್ಪಡಿಸಿ, ಮೀನು ಇನ್ನೂ ಸಿಕ್ಕಿಕೊಂಡಿದ್ದರೆ ಅದನ್ನೂ. ಎದುರುಕೊಂಡಿ ತೊಗಲಿನೊಳಗೆ ಹೋಗಿಲ್ಲದಿದ್ದರೆ ಬಂದ ದಾರಿಯಲ್ಲೇ ಹಿಂದಕ್ಕೆ ತೆಗೆದು ಸೋಪು ನೀರಿನಲ್ಲಿ ತೊಳೆಯಿರಿ. ಒಳಗೆ ಹೋಗಿದ್ದರೆ, ಅಥವಾ ಚುಚ್ಚಿದ್ದು ಕಣ್ಣು, ಕುತ್ತಿಗೆ, ಬೆರಳ ಗೆಣ್ಣಿನ ಹತ್ತಿರವಾದರೆ ಎಳೆಯಲೇಬಾರದು. ಅಲ್ಲಾಡದಂತೆ ಬಟ್ಟೆ ಸುತ್ತಿ ಆಸ್ಪತ್ರೆಗೆ ಹೋಗಿ. ಟಿಟಿ ಚುಚ್ಚುಮದ್ದು ಯಾವಾಗ ಹಾಕಿಸಿಕೊಂಡದ್ದೆಂದು ವೈದ್ಯರು ಕೇಳುತ್ತಾರೆ, ಆ ತಾರೀಕನ್ನು ಗಾಳದ ಪೆಟ್ಟಿಗೆಯ ಮುಚ್ಚಳದ ಒಳಬದಿಗೆ ಬರೆದಿಟ್ಟುಕೊಳ್ಳಿ.